ಕಲ್ಲಾರಿಸುವ ಯಂತ್ರ

ನಮ್ಮ ತಾಯಿ ಅಕ್ಕಿ ಆರಿಸುವುದನ್ನು ನಾನು ಬಾಲ್ಯದಲ್ಲಿ ಎಷ್ಟೋ ದಿನ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮಧ್ಯಾಹ್ನದ ಊಟವಾದ ಮೇಲೆ ಜಗುಲಿಯ ಬೆಳಕಿಗೆ ಮೊರವನ್ನಿಟ್ಟುಕೊಂಡು ಆಕೆ ಕುಳಿತರೆ, ಬಾಯಿ ನೆರೆಮನೆಯವರೊಡನೆ ಮಾತಿನಲ್ಲಿ ತೊಡಗಿದ್ದರೂ ಬೆರಳು ತನ್ನ ಕೆಲಸವನ್ನು ತಪ್ಪದೆ ನಡೆಸುತ್ತಿದ್ದಿತು. ಕಲ್ಲು, ನೆಲ್ಲು, ಹುಳು ಹಿಡಿದ ಕಾಳು ಎಲ್ಲವೂ ಬೇರೆಬೇರೆಯಾಗಿ ಮೊರದ ಅಂಚಿಗೆ ಬರುತ್ತಿದ್ದುವು. ಒಂದನ್ನಾದರೂ ಬಾಯಿಗೆ ಹಾಕಿಕೊಂಡು ಪರೀಕ್ಷಿಸಿದವಳಲ್ಲ. ಕಲ್ಲನ್ನು ಕಲ್ಲೆಂದು ತಿಳಿಯಲು ಹಲ್ಲು ಮುರಿದುಕೊಳ್ಳಬೇಕಾಗಿಲ್ಲವಷ್ಟೆ! ಈ ವಿದ್ಯೆ ನಮ್ಮ ಅಕ್ಕನಿಗೆ ಬಂದಿತು, ನನಗೆ ಬರಲಿಲ್ಲ. ಐವತ್ತು ದಾಟಿದ ಮೇಲೆ ನಾನು ಅದೇ ವಿದ್ಯೆಯನ್ನು ಒಂದು ಯಂತ್ರಕ್ಕೆ ಕಲಿಸಲು ಹೊರಟೆನು. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ನನ್ನ ತಪ್ಪುಗಳೇ ಹೆಚ್ಚಾಗಿ ಕಂಡರೆ ವಾಚಕರು ಆಶ್ಚರ್ಯಪಡಬಾರದು.

ನಾನು ಮೈಸೂರಿನಲ್ಲಿ ಕಾಲೇಜೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಕ್ಕ ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿ, ಭಾವನವರು ತೀರಿಕೊಂಡ ಮೇಲೆ, ಎರಡೆಕರೆ ಅಡಕೆಯ ತೋಟವನ್ನು ತಾನೇ ನೋಡಿಕೊಂಡಿದ್ದಾಳೆ. ನಮ್ಮ ಬಂಧುಬಳಗದಲ್ಲಿ ಯಾರ ಮೊಬೈಲು ಕೆಟ್ಟರೂ, ಯಾರಿಗೆ ಏನು ಅರ್ಥವಾಗದಿದ್ದರೂ ಅದು ನನ್ನಲ್ಲಿಗೇ ಬರುವುದು ವಾಡಿಕೆ. ಬೇಸರಪಟ್ಟಂತೆ ಮಾಡಿದರೂ ಒಳಗೊಳಗೆ ನನಗೆ ಅದರಿಂದ ಸ್ವಲ್ಪ ಹೆಮ್ಮೆಯೇ ಇದ್ದಿತು.

2024ರ ನವೆಂಬರಿನಲ್ಲಿ, ತುಳಸಿಯ ಹಬ್ಬ ಮುಗಿದು ಮದುವೆಗಳು ಆರಂಭವಾಗಿದ್ದ ಕಾಲ. ಒಂದು ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಅಕ್ಕನಿಂದ ವಾಟ್ಸಾಪಿನಲ್ಲಿ ಒಂದು ಫೈಲು ಬಂದಿತು. ಜೊತೆಗೆ ಎರಡು ಸಾಲು: "ಯಾರ ಮದುವೆಯ ಕಾಗದವೋ ತಿಳಿಯದು. ಪರಿಚಯದವರ ನಂಬರಿನಿಂದಲೇ ಬಂದಿದೆ, ತೆರೆಯುತ್ತಿಲ್ಲ. ನೋಡಿ ಹೇಳು." ನಾನು ನೋಡಿದೆನು, ಅಂದರೆ, ಸಂದೇಶ ಬಂದುದನ್ನು ನೋಡಿದೆನು. ಮರುದಿನ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ ಇದ್ದಿತು. ಬೆಳಗ್ಗೆ ನೋಡಿದರಾಯಿತೆಂದು ಮಲಗಿಬಿಟ್ಟೆನು. ಬೆಳಗ್ಗೆ ಮರೆತೆನು.

ಅಕ್ಕ ಹತ್ತು ಗಂಟೆಯವರೆಗೆ ಕಾದಳಂತೆ. ತಮ್ಮನೇ ನೋಡಿ ಸುಮ್ಮನಿದ್ದಾನೆಂದರೆ ಅದರಲ್ಲಿ ಕೆಟ್ಟದ್ದೇನೂ ಇರಲಾರದೆಂದುಕೊಂಡು, ಅಲ್ಲಿ ಒತ್ತಿ ಇಲ್ಲಿ ಒತ್ತಿ, ಮೊಬೈಲು ಕೇಳಿದ ಪ್ರಶ್ನೆಗಳಿಗೆಲ್ಲ ಒಪ್ಪಿಗೆ ಕೊಟ್ಟು ತೆರೆದಳು. ಅದರೊಳಗೆ ವರನೂ ಇರಲಿಲ್ಲ, ವಧುವೂ ಇರಲಿಲ್ಲ. ಮರುದಿನ ಬ್ಯಾಂಕಿನ ಲೆಕ್ಕ ನೋಡಿದಾಗ ಅಡಕೆ ಮಾರಿ ಇಟ್ಟಿದ್ದ ಹಣದಲ್ಲಿ 86,000 ರೂಪಾಯಿ ಇಲ್ಲವಾಗಿದ್ದಿತು. ಬ್ಯಾಂಕಿನಿಂದ ಬರುವ ಗುಟ್ಟಿನ ಅಂಕೆಗಳನ್ನು ಅವಳಿಗಿಂತ ಮೊದಲು ಬೇರೊಬ್ಬರು ಓದಿದ್ದರು. ಸೈಬರ್ ವಂಚನೆಯ ದೂರಿಗಾಗಿ ಸರ್ಕಾರವು ಏರ್ಪಡಿಸಿರುವ 1930 ಎಂಬ ನಂಬರಿಗೆ ಫೋನು ಮಾಡಿಸಿದೆವು. ಹಣ ಹೋದ ಕೂಡಲೆ ತಿಳಿಸಿದರೆ ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ನಮಗೆ ಒಂದು ದಿನ ತಡವಾಗಿದ್ದಿತು. ತಡೆಹಿಡಿಯಲ್ಪಟ್ಟ 19,000 ರೂಪಾಯಿ ಕೆಲವು ತಿಂಗಳ ಮೇಲೆ ಕೈಸೇರಿತು, ಉಳಿದದ್ದು ಹೋಯಿತು. ಅಕ್ಕ ನನ್ನನ್ನು ಬೈಯಲಿಲ್ಲ. "ನಿನಗೆ ಕೆಲಸ ಹೆಚ್ಚಿರುತ್ತದೆ, ನಾನೇ ಇನ್ನೊಂದು ದಿನ ಕಾಯಬೇಕಾಗಿತ್ತು" ಎಂದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆ ರಾತ್ರಿ ನಾನು ಫೈಲನ್ನು ಬಿಚ್ಚಿ ಕುಳಿತೆನು. ಇಂಥ ಕುತಂತ್ರಾಂಶಗಳನ್ನು ಪರೀಕ್ಷಿಸುವುದಕ್ಕೆ ಎರಡು ಮಾರ್ಗಗಳುಂಟು. ಭದ್ರವಾಗಿ ಮುಚ್ಚಿದ ಒಂದು ಕಂಪ್ಯೂಟರಿನಲ್ಲಿ ಅದನ್ನು ನಡೆಯಗೊಟ್ಟು, ಅದೇನು ಮಾಡುವುದೆಂಬುದನ್ನು ದೂರದಿಂದ ನೋಡುವುದು ಒಂದು. ಅದನ್ನು ಎಂದಿಗೂ ನಡೆಯಗೊಡದೆ, ಬರಿಯ ಬರಹವೆಂದು ಭಾವಿಸಿ ಓದಿ ಅದರ ಸ್ವಭಾವವನ್ನು ಊಹಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಸ್ಥಿರ ವಿಶ್ಲೇಷಣೆಯೆಂದು ಹೆಸರು. ತಾಯಿಯವರು ಮೊರದಲ್ಲಿ ಮಾಡುತ್ತಿದ್ದುದು ಇದೇ ಎಂದು ನನಗೆ ತೋರಿತು.

ಆಂಡ್ರಾಯ್ಡ್ ಮೊಬೈಲಿನ ಆ್ಯಪುಗಳು ಬರುವ ಎಪಿಕೆ ಎಂಬ ಫೈಲು ನಿಜವಾಗಿ ಒಂದು ಗಂಟು. ಸಾಮಾನ್ಯವಾಗಿ ನಾವು ಕಡತಗಳನ್ನು ಒತ್ತಿ ಕಟ್ಟುವ ಜಿಪ್ ಗಂಟಿಗೂ ಅದಕ್ಕೂ ಭೇದವಿಲ್ಲ. ಮೊದಲ ಎರಡು ಅಕ್ಷರಗಳು ಪಿ ಮತ್ತು ಕೆ. 1989ರಲ್ಲಿ ಜಿಪ್ ವಿಧಾನವನ್ನು ತಂದ ಫಿಲ್ ಕಾಟ್ಸ್ ಎಂಬಾತನ ಹೆಸರಿನ ಮೊದಲಕ್ಷರಗಳು ಅವು. ಗಂಟನ್ನು ಬಿಚ್ಚಿದರೆ ಒಳಗೆ ಆ್ಯಪಿನ ಚಿತ್ರಗಳು, ಯಂತ್ರಕ್ಕೆ ಕೊಟ್ಟ ಆಜ್ಞೆಗಳು, ಮಾಡಿದವನ ಮುದ್ರೆ, ಇವೆಲ್ಲವುಗಳ ಜೊತೆಗೆ ಮ್ಯಾನಿಫೆಸ್ಟ್ ಎಂಬ ಒಂದು ಪಟ್ಟಿ ಇರುವುದು. ತನಗೆ ಯಾವ ಯಾವ ಅನುಮತಿ ಬೇಕೆಂಬುದನ್ನು ಆ್ಯಪು ಅದರಲ್ಲಿ ಹೇಳಿಕೊಳ್ಳಲೇಬೇಕು. ಕಳ್ಳನೂ ಈ ಅರ್ಜಿಯನ್ನು ತುಂಬದೆ ಒಳಗೆ ಬರುವಂತಿಲ್ಲ. ಅಕ್ಕನಿಗೆ ಬಂದ ಕರೆಯೋಲೆಯ ಪಟ್ಟಿಯಲ್ಲಿ ಬರುವ ಸಂದೇಶಗಳನ್ನು ಪಡೆಯಲು, ಇರುವ ಸಂದೇಶಗಳನ್ನು ಓದಲು, ಹೊಸ ಸಂದೇಶಗಳನ್ನು ಕಳುಹಿಸಲು ಅನುಮತಿ ಬೇಡಲಾಗಿದ್ದಿತು. ಮದುವೆಗೆ ಕರೆಯಲು ಬಂದವರು ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಕೇಳುವುದುಂಟೆ? ಹತ್ತು ನಿಮಿಷದಲ್ಲಿ ನನಗೆ ಎಲ್ಲವೂ ತಿಳಿಯಿತು. ಹಿಂದಿನ ರಾತ್ರಿಗಳಲ್ಲೊಂದರಲ್ಲಿ ಆ ಹತ್ತು ನಿಮಿಷ ನನ್ನಲ್ಲಿರಲಿಲ್ಲ.

ನನ್ನ ಮರೆವನ್ನೂ ನಿದ್ರೆಯನ್ನೂ ನಂಬುವಂತಿಲ್ಲವೆಂದು ನಿಶ್ಚಯವಾಗಲು, ನಿದ್ರೆಯಿಲ್ಲದ ಒಂದು ಯಂತ್ರವನ್ನೇ ಈ ಕೆಲಸಕ್ಕೆ ಇಡಬೇಕೆಂದುಕೊಂಡೆನು. 2025ರ ಸಂಕ್ರಾಂತಿಯ ಹೊತ್ತಿಗೆ ಮನೆಯ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರೊಂದನ್ನು ಇಳಿಸಿ, ಲಿನಕ್ಸನ್ನು ತುಂಬಿ, ಟೆಲಿಗ್ರಾಮಿನಲ್ಲಿ ಒಂದು ವಿಳಾಸವನ್ನು ಏರ್ಪಡಿಸಿದೆನು. ಬಂಧುಗಳಲ್ಲಿ ಯಾರು ಯಾವ ಫೈಲನ್ನು ಅಲ್ಲಿಗೆ ಕಳುಹಿಸಿದರೂ ಯಂತ್ರವು ತಾನಾಗಿಯೇ ಎತ್ತಿಕೊಂಡು ಪರೀಕ್ಷಿಸಿ ಉತ್ತರ ಕೊಡಬೇಕು. ಆ ಒಂದು ದಾರಿಯನ್ನುಳಿದು ಅದರ ಹೊರಗಿನ ಸಂಪರ್ಕವನ್ನೆಲ್ಲ ಮುಚ್ಚಿದೆನು. ಓದುವ ಉಪಕರಣಗಳನ್ನೇ ಮೋಸಗೊಳಿಸುವಂತೆ ಹೆಣೆದ ಫೈಲುಗಳೂ ಇರುವುದರಿಂದ, ಓದುವ ಕೋಣೆಗೂ ಬಾಗಿಲು ಭದ್ರವಾಗಿರಬೇಕು. ಸಿಕ್ಕಿಬಿದ್ದ ಫೈಲುಗಳನ್ನು ಬೀಗದ ಮಾತು ಹಾಕಿದ ಗಂಟಿನಲ್ಲಿಟ್ಟೆನು. ಈ ಕಸುಬಿನವರೆಲ್ಲರೂ ಲೋಕದಾದ್ಯಂತ ಬಳಸುವ ಬೀಗದ ಮಾತು ಒಂದೇ: 'ಇನ್‌ಫೆಕ್ಟೆಡ್'. ಅದು ಗುಟ್ಟಿಗಾಗಿ ಇಟ್ಟುದಲ್ಲ. ಯಾರೂ ಕೈತಪ್ಪಿ ತೆರೆಯದಿರಲೆಂದು ಇಟ್ಟುದು.

ಯಂತ್ರದ ಕೆಲಸ ಹೀಗೆ. ಫೈಲು ಬಂದೊಡನೆ ಮೊದಲು ಅದರ ಬೆರಳಚ್ಚನ್ನು ತೆಗೆಯುವುದು. ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಎಷ್ಟು ದೊಡ್ಡ ಫೈಲಿಗಾದರೂ 64 ಅಂಕೆ ಅಕ್ಷರಗಳ ಒಂದು ಗುರುತು ಬರುತ್ತದೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಗುರುತೆಲ್ಲ ಬೇರೆಯಾಗುತ್ತದೆ. ಹಿಂದೆ ನೋಡಿದ ಫೈಲೇ ಮತ್ತೆ ಬಂದರೆ ಆ ಕ್ಷಣದಲ್ಲಿಯೇ ಉತ್ತರ. ಹೊಸದಾದರೆ ಗಂಟನ್ನು ಬಿಚ್ಚಿ ಅನುಮತಿಗಳ ಪಟ್ಟಿಯನ್ನು ಓದುವುದು. ಮಾಡಿದವನ ಮುದ್ರೆಯನ್ನು ಬರೆದಿಟ್ಟುಕೊಳ್ಳುವುದು. ಆಜ್ಞೆಗಳ ನಡುವೆ ಹುದುಗಿರುವ ವಿಳಾಸಗಳನ್ನೂ ಮಾತುಗಳನ್ನೂ ಹೆಕ್ಕುವುದು. ಬಳಿಕ ಎಂಟ್ರೊಪಿಯೆಂಬ ಅಳತೆ. ಸಾಧಾರಣ ಬರಹದಲ್ಲಿ ಕೆಲವು ಅಕ್ಷರಗಳು ಮತ್ತೆ ಮತ್ತೆ ಬರುವುದರಿಂದ ಈ ಅಳತೆ ಕಡಮೆ. ಒತ್ತಿ ಕಟ್ಟಿದ ಅಥವಾ ಗೂಢಲಿಪಿಗೆ ತಿರುಗಿಸಿದ ಭಾಗದಲ್ಲಿ ಅದು ಅತ್ಯಧಿಕವಾದ 8ರ ಹತ್ತಿರಕ್ಕೆ ಏರುವುದು. ಏನೋ ಮುಚ್ಚಿಟ್ಟಿದ್ದಾರೆಂಬುದಕ್ಕೆ ಅದೊಂದು ಸೂಚನೆ. ಕಡೆಗೆ ಯಾರಾ ಎಂಬ ಉಪಕರಣ. ವೈರಸ್‌ಟೋಟಲ್ ಸಂಸ್ಥೆಯಲ್ಲಿದ್ದ ವಿಕ್ಟರ್ ಆಲ್ವಾರೆಸ್ ಎಂಬಾತ ಇದನ್ನು ರಚಿಸಿದನು. ಇಂಥ ಮಾತೂ ಇಂಥ ಅನುಮತಿಯೂ ಒಟ್ಟಿಗೆ ಕಂಡರೆ ಇಂಥ ಜಾತಿಯದೆಂದು ತಿಳಿ ಎಂಬ ನಿಯಮಗಳನ್ನು ನಾವು ಬರೆದುಕೊಟ್ಟರೆ ಅದು ಹುಡುಕಿ ಹೇಳುವುದು.

ವರ್ಗೀಕರಣವೆಂಬುದು ಇದರ ಮುಂದಿನ ಹೆಜ್ಜೆ. ಕಳ್ಳರು ಪ್ರತಿಸಲವೂ ಹೊಸದನ್ನು ಬರೆಯುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಇವತ್ತು ಮದುವೆಯ ಕಾಗದ, ನಾಳೆ ವಿದ್ಯುತ್ತಿನ ಬಿಲ್ಲು, ನಾಡಿದ್ದು ಬ್ಯಾಂಕಿನ ಕೆವೈಸಿ. ಒಳಗಿನ ಸಾಮಾನು ಮಾತ್ರ ಅದೇ. ಮುದ್ರೆ, ವಿಳಾಸ, ಆಜ್ಞೆಗಳ ಹೋಲಿಕೆಯಿಂದ ಇವುಗಳ ಕುಲಗೋತ್ರವನ್ನು ಹಚ್ಚಬಹುದು. ಹೀಗೆ ಓದಿಯೇ ಗುರುತಿಸುವುದನ್ನು ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯದವರೂ ಅವರ ಸಂಗಡಿಗರೂ ಡ್ರೆಬಿನ್ ಎಂಬ ಪ್ರಯೋಗದಲ್ಲಿ 2014ರಲ್ಲಿಯೇ ತೋರಿಸಿದ್ದರು. 1,23,453 ಒಳ್ಳೆಯ ಆ್ಯಪುಗಳನ್ನೂ 5,560 ಕೆಟ್ಟವನ್ನೂ ಯಂತ್ರಕ್ಕೆ ಕೊಟ್ಟು ನೋಡಿದಾಗ ಅದು ಕೆಟ್ಟವುಗಳಲ್ಲಿ ನೂರಕ್ಕೆ 94ನ್ನು ಹಿಡಿಯಿತು. ಒಳ್ಳೆಯವುಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ದೂಷಿಸಿತು. ನನ್ನ ಬಡ ಯಂತ್ರವು ಅಷ್ಟು ವಿದ್ಯಾವಂತನಲ್ಲವಾದರೂ ಅದೇ ಜಾಡಿನಲ್ಲಿ ನಡೆಯಬಲ್ಲುದೆಂದು ನಾನು ನಂಬಿದೆನು. ಉತ್ತರಕ್ಕೆ ಎರಡೇ ಮಾತುಗಳನ್ನಿಟ್ಟೆನು: 'ಶುದ್ಧ', 'ದುಷ್ಟ'. ದುಷ್ಟವೆಂದು ಕಂಡರೆ ಎಲ್ಲರೂ ಎಚ್ಚರಗೊಳ್ಳಲೆಂದು ಬಂಧುಗಳ ಗುಂಪಿನಲ್ಲಿ ಫೈಲಿನ ಹೆಸರೂ ಕಳುಹಿಸಿದವರ ಹೆಸರೂ ಪ್ರಕಟವಾಗುವಂತೆ ಮಾಡಿದೆನು.

ಎರಡು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಯುಗಾದಿಯ ಹಿಂದಿನ ವಾರ ನನ್ನ ತಮ್ಮನ ಮಗನಿಂದ ಒಂದು ಫೈಲು ಬಂದಿತು. ಹುಡುಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು. ಮಂಡಿಯಿಂದ ದಿನವೂ ಬರುವ ಅಡಕೆಯ ಧಾರಣೆಯ ಸಂದೇಶಗಳನ್ನು ಓದಿ, ಪಟ್ಟಿಮಾಡಿ, ಒಂದೆಡೆ ಕೂಡಿಸಿಡುವ ಒಂದು ಆ್ಯಪನ್ನು ತಾನೇ ಬರೆದು, ಯುಗಾದಿಗೆ ಅತ್ತೆಗೆ ಕೊಡಬೇಕೆಂದು ಸಂಭ್ರಮದಿಂದ ಮೊದಲು ನನ್ನ ಯಂತ್ರಕ್ಕೆ ಕಳುಹಿಸಿದ್ದನು. ಸಂದೇಶ ಓದುವ ಅನುಮತಿ, ಹೊರಗಿನ ವಿಳಾಸಕ್ಕೆ ರವಾನೆ, ಎಲ್ಲಿಯೂ ಕಾಣದ ಮುದ್ರೆ. ಕಳ್ಳನಿಗೆ ನಾನು ಬರೆದಿದ್ದ ಮೂರು ಲಕ್ಷಣಗಳೂ ಅವನ ಫೈಲಿಗೆ ಹೊಂದಿದುವು. ನಲವತ್ತು ಜನರ ಮುಂದೆ ಯಂತ್ರವು 'ದುಷ್ಟ' ಎಂದು ಸಾರಿತು. "ಮನೆಯೊಳಗೇ ಕಳ್ಳನೇನಪ್ಪ!" ಎಂದು ಯಾರೋ ಹಾಸ್ಯಮಾಡಿದರು. ಹುಡುಗ ಗುಂಪನ್ನು ಬಿಟ್ಟುಹೋದನು. ನನಗೆ ಮಾತ್ರ ಒಂದು ಸಾಲು ಬರೆದನು: "ದೊಡ್ಡಪ್ಪ, ನೀವು ಒಂದು ಸಲ ನನ್ನನ್ನು ಕೇಳಬಹುದಾಗಿತ್ತು."

ಅಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆನು. ಮೊದಲೇ ಹಾಕಬೇಕಾಗಿದ್ದ ಲೆಕ್ಕ ಅದು. ಸಾವಿರ ಫೈಲುಗಳು ಬಂದುವೆನ್ನೋಣ. ಅವುಗಳಲ್ಲಿ ಕೆಟ್ಟವು ಐದು. ಒಳ್ಳೆಯವುಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುವ ಯಂತ್ರವಾದರೂ 995ರಲ್ಲಿ ಸುಮಾರು ಹತ್ತನ್ನು ದೂಷಿಸುವುದು. ಐದು ಕಳ್ಳರನ್ನೂ ಹಿಡಿದರೂ ಕಟಕಟೆಯಲ್ಲಿ ನಿಂತ ಹದಿನೈದು ಮಂದಿಯಲ್ಲಿ ಹತ್ತು ಮಂದಿ ನಿರಪರಾಧಿಗಳು! ಕಳ್ಳರು ವಿರಳವಾಗಿರುವ ಊರಿನಲ್ಲಿ ಬಹಳ ಚುರುಕಾದ ಕಾವಲುಗಾರನೂ ಹೆಚ್ಚಾಗಿ ಸಜ್ಜನರನ್ನೇ ಹಿಡಿಯುವನೆಂಬ ಈ ಸತ್ಯವನ್ನು ನೂರಕ್ಕೆ ಒಂದೆಂಬ ಮಾತು ನನ್ನಿಂದ ಮುಚ್ಚಿಟ್ಟಿದ್ದಿತು.

ಪಶ್ಚಾತ್ತಾಪದಿಂದ ನಾನು ನಿಯಮಗಳನ್ನು ಸಡಿಲಿಸಿದೆನು. ಅನುಮತಿಗಳು ಬಹಳವಾಗಿದ್ದರೆ ಮಾತ್ರ ಸಂಶಯಪಡು. ಎಂಟ್ರೊಪಿ ಹೆಚ್ಚಿದ್ದರೂ ಚಿಂತೆಯಿಲ್ಲ, ಚಿತ್ರಗಳಿರುವ ಒಳ್ಳೆಯ ಆ್ಯಪುಗಳಲ್ಲಿಯೂ ಅದು ಹೆಚ್ಚಿರುತ್ತದೆ, ಎಂದು ಯಂತ್ರಕ್ಕೆ ಹೇಳಿದೆನು. ಇನ್ನು ಯಾರ ಮನಸ್ಸನ್ನೂ ನೋಯಿಸಲಾರೆನೆಂದು ನನಗೆ ಸಮಾಧಾನವಾಯಿತು.

ಜೂನ್ ತಿಂಗಳು, ಮಲೆನಾಡಿನಲ್ಲಿ ಮಳೆ ಹಿಡಿದಿದ್ದಿತು. ಅಕ್ಕ ಒಂದು ಸಂಜೆ ಫೋನು ಮಾಡಿದಳು.

"ಏನೋ, ನಿನ್ನ ಯಂತ್ರ ಒಂದು ಫೈಲನ್ನು ಶುದ್ಧ ಅಂದಿತು."

"ಹಾಗಾದರೆ ಸರಿ ಅಕ್ಕ. ಏನದು?"

"ಗಾಡಿ ಜೋರಾಗಿ ಓಡಿಸಿದ್ದಕ್ಕೆ ದಂಡವಂತೆ, ತೆರೆದು ನೋಡಿ ಕಟ್ಟಬೇಕಂತೆ. ನಿನ್ನ ಭಾವನವರ ಸ್ಕೂಟರು ಮಾರಿ ಆರು ವರ್ಷ ಆಯಿತಲ್ಲೋ. ನಮ್ಮ ಮನೆಯಲ್ಲಿ ಗಾಡಿಯೇ ಇಲ್ಲ, ದಂಡ ಎಲ್ಲಿಂದ ಬಂತು?"

ನನಗೆ ಮೈ ಬೆವರಿತು. ತೆರೆಯಲಿಲ್ಲ ತಾನೇ ಎಂದು ಕೇಳಿದೆನು. "ತೆರೆಯುವುದಕ್ಕೆ ನನಗೇನು ಹುಚ್ಚೆ? ಒಂದು ಸಲ ಸಾಲದೆ?" ಎಂದಳು.

ಫೈಲನ್ನು ಕೂಡಲೆ ನಾನೇ ಓದಿದೆನು. ಹೊರಗಿನ ಆ್ಯಪು ಏನನ್ನೂ ಬೇಡಿರಲಿಲ್ಲ. ಬೇರೊಂದು ಆ್ಯಪನ್ನು ಮೊಬೈಲಿಗೆ ಸೇರಿಸುವ ಅನುಮತಿಯೊಂದನ್ನು ಮಾತ್ರ ಕೇಳಿದ್ದಿತು. ಆ ಬೇರೊಂದು, ಗೂಢಲಿಪಿಯಲ್ಲಿ ಸುತ್ತಲ್ಪಟ್ಟು, ಅದರ ಹೊಟ್ಟೆಯೊಳಗೇ ಇದ್ದಿತು. ಕಳ್ಳನು ತಾನು ಸಭ್ಯನಂತೆ ಬಾಗಿಲಲ್ಲಿ ನಿಂತು, ಜೋಳಿಗೆಯೊಳಗಿನ ತಮ್ಮನನ್ನು ಒಳಗೆ ಬಿಡುವ ಉಪಾಯ ಇದು. ಎಂಟ್ರೊಪಿ 8ರ ಹತ್ತಿರವೇ ಇದ್ದಿತು. ಅದನ್ನು ಲಕ್ಷಿಸಬೇಡವೆಂದು ಹೇಳಿದವನು ನಾನೇ. ಹುಡುಗನಿಗೆ ಮಾಡಿದ ಅನ್ಯಾಯವನ್ನು ಸರಿಪಡಿಸಹೋಗಿ ಅಕ್ಕನನ್ನು ಎರಡನೆಯ ಸಲ ಕಳ್ಳರ ಕೈಗೆ ಕೊಡುವುದರಲ್ಲಿದ್ದೆನು.

ಯಾವ ಪ್ರೋಗ್ರಾಮನ್ನು ಕೊಟ್ಟರೂ ಓದಿ, ಇದು ವೈರಸ್ಸು, ಇದಲ್ಲ ಎಂದು ಒಂದು ತಪ್ಪೂ ಇಲ್ಲದೆ ತೀರ್ಪು ಕೊಡಬಲ್ಲ ಯಂತ್ರವು ಇರಲಾರದೆಂದು ಅಮೆರಿಕದ ಫ್ರೆಡ್ ಕೋಹೆನ್ ಎಂಬ ಪಂಡಿತನು 1980ರ ದಶಕದಲ್ಲಿಯೇ ತರ್ಕದಿಂದ ಸಾಧಿಸಿದ್ದಾನೆ. ಅದನ್ನು ನಾನು ಓದಿದವನೇ. ಆದರೆ ಓದಿದ್ದು ತಲೆಯಲ್ಲಿರುವುದು ಬೇರೆ, ಅದು ಕೈಗೆ ಇಳಿಯುವುದು ಬೇರೆ. ನಿಯಮವನ್ನು ಬಿಗಿಮಾಡಿದರೆ ಸಜ್ಜನನು ಸಿಕ್ಕುವನು, ಸಡಿಲಿಸಿದರೆ ಕಳ್ಳನು ನುಸುಳುವನು. ನಾನು ಏನು ಮಾಡಲಿ ಎಂದು ಅಕ್ಕನಲ್ಲಿಯೇ ಹೇಳಿಕೊಂಡೆನು.

"ನಿನ್ನ ಯಂತ್ರ ಎಷ್ಟು ಗುಡ್ಡೆ ಮಾಡುತ್ತದೆ?" ಎಂದು ಕೇಳಿದಳು.

"ಎರಡು."

"ಎರಡರಲ್ಲಿ ಆಗುತ್ತದೇನೋ? ಅಮ್ಮ ಆರಿಸುವಾಗ ನೋಡಿಲ್ಲವೆ? ಅಕ್ಕಿಯ ಬಣ್ಣದ್ದೇ ಕಲ್ಲು ಇರುತ್ತದೆ. ಅಂಥದ್ದನ್ನು ಎಸೆಯುತ್ತಿರಲಿಲ್ಲ, ಅಕ್ಕಿಗೂ ಸೇರಿಸುತ್ತಿರಲಿಲ್ಲ. ಮೊರದ ಮೂಲೆಗೆ ತಳ್ಳಿ ಇಟ್ಟು, ಕಡೆಗೆ ಬಾಗಿಲಿಗೆ ತೆಗೆದುಕೊಂಡು ಹೋಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆ ಮೂಲೆಯೇ ಇಲ್ಲದಿದ್ದರೆ ಅದೆಂಥ ಮೊರವೋ ನಿನ್ನದು?"

ನಾನು ಪಕ್ಕದಲ್ಲಿಯೇ ಕುಳಿತಿದ್ದೆನು, ಬೆರಳನ್ನು ನೋಡಿದ್ದೆನು, ಮೂಲೆಯನ್ನು ನೋಡಿರಲಿಲ್ಲ.

ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಹೋದೆನು. ಹಾಸ್ಟೆಲಿನ ಬಾಗಿಲಲ್ಲಿ ಹುಡುಗ ನನ್ನನ್ನು ನೋಡಿ ಸುಮ್ಮನೆ ನಿಂತನು. "ತಪ್ಪು ನನ್ನದು ಮರಿ. ಕೇಳದೆ ಹೇಳಿದೆ, ಹೇಳಬಾರದ ಕಡೆ ಹೇಳಿದೆ" ಎಂದೆನು. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಾಫಿ ಕುಡಿದಾದ ಮೇಲೆ, "ಆ ಯಾರಾ ನಿಯಮಗಳನ್ನು ತೋರಿಸಿ ದೊಡ್ಡಪ್ಪ" ಎಂದನು. ಸಂಜೆಯವರೆಗೆ ಇಬ್ಬರೂ ಕುಳಿತೆವು. ಕಂಡಂತೆ ಗುರುತಿಸಬಲ್ಲ ಹಳೆಯ ಕುಲಗಳಿಗೆ ಮಾತ್ರ 'ದುಷ್ಟ'; ಪ್ಲೇ ಸ್ಟೋರಿನಲ್ಲಿರುವ ಆ್ಯಪಿನ ಮುದ್ರೆಗೆ ಮುದ್ರೆ ಸರಿಹೊಂದಿ, ಬೇರೆ ಲಕ್ಷಣವೂ ಕಾಣದಿದ್ದರೆ 'ಶುದ್ಧ'; ಮಿಕ್ಕದ್ದೆಲ್ಲ 'ಅನುಮಾನ'. ಅನುಮಾನವು ಗುಂಪಿಗೆ ಹೋಗಕೂಡದು. ನಾನು, ಹುಡುಗ, ಅಕ್ಕ ಈ ಮೂವರಿಗೇ ಬರಬೇಕು. ಕಳುಹಿಸಿದವನಿಗೆ, "ಮನುಷ್ಯರು ನೋಡುವವರೆಗೆ ತೆರೆಯಬೇಡಿ" ಎಂಬ ಉತ್ತರ ಹೋಗಬೇಕು. ಅಕ್ಕನನ್ನೂ ಸೇರಿಸಿದ್ದು ಹುಡುಗನ ಸೂಚನೆ. ಒಳಗೇನಿದೆಯೆಂಬುದನ್ನು ನಾವಿಬ್ಬರು ಓದಬಲ್ಲೆವು. ಯಾರು ಕಳುಹಿಸಿದರು, ಅವರ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆಯೆ, ನಮ್ಮಲ್ಲಿ ಗಾಡಿಯಿದೆಯೆ ಎಂಬುದು ಫೈಲಿನಲ್ಲಿ ಬರೆದಿರುವುದಿಲ್ಲ.

ಅಂದಿನಿಂದ ಇದುವರೆಗೆ ಯಂತ್ರಕ್ಕೆ 212 ಫೈಲುಗಳು ಬಂದಿವೆ. ಶುದ್ಧವೆಂದದ್ದು 172, ದುಷ್ಟವೆಂದದ್ದು 9, ಅನುಮಾನವೆಂದದ್ದು 31. ಆ ಒಂಬತ್ತರಲ್ಲಿ ಆರಕ್ಕೆ ಒಂದೇ ಮುದ್ರೆ. ಅಕ್ಕನ ಹಣವನ್ನು ಒಯ್ದ ಕರೆಯೋಲೆಯ ಮೇಲಿದ್ದುದೂ ಅದೇ. ಅನುಮಾನದ 31ರಲ್ಲಿ ನಾಲ್ಕು ನಿಜವಾಗಿಯೂ ಕೆಟ್ಟವು. ಎರಡನ್ನು ಹುಡುಗ ಹಿಡಿದನು, ಎರಡನ್ನು ಅಕ್ಕ ಫೋನಿನಲ್ಲಿ ವಿಚಾರಿಸಿಯೇ ಹಿಡಿದಳು. ನಾನು ಒಂದನ್ನೂ ಮೊದಲು ಹಿಡಿಯಲಿಲ್ಲ. ಅಡಕೆಯ ಧಾರಣೆಯ ಆ್ಯಪು ಈಗ ಅಕ್ಕನ ಮೊಬೈಲಿನಲ್ಲಿದೆ.

ಯಂತ್ರಕ್ಕೆ ನಿದ್ರೆಯಿಲ್ಲವೆಂಬುದು ನಿಜ. ಆದರೆ ಮೊರದ ಮೂಲೆಯಲ್ಲಿ ಉಳಿದುದನ್ನು ಬೆಳಕಿಗೆ ಹಿಡಿಯುವವರು ಎಚ್ಚರವಾಗಿರಲೇಬೇಕು. ನಿನ್ನೆ ರಾತ್ರಿ ನಾನು ಊಟಕ್ಕೆ ಕುಳಿತಿದ್ದಾಗ ಫೋನು ಗುಂಯ್ ಎಂದಿತು. ಒಂಬತ್ತು ಗಂಟೆ. 'ಅನುಮಾನ: ಅಕ್ಕನಿಂದ.' ಮಜ್ಜಿಗೆ ಬಡಿಸುತ್ತಿದ್ದ ನನ್ನಾಕೆ, "ಊಟ ಮುಗಿಸಿ ನೋಡಬಾರದೆ?" ಎಂದಳು. ನಾನು ಎದ್ದು ಕೈ ತೊಳೆದುಕೊಂಡೆನು.